ಮಾಗಡಿ ಕೆರೆಯ ಹೆಬ್ಬಾತು ಗ್ಯಾರಂಟಿ ಅನ್ನೋರಿಗೆ ಮುಂಗಡ ದುಡ್ಡು ಹಾಕಬೇಡಿ

ನನಗೆ ಮೋಸ ಮಾಡಿದ ಪ್ರವಾಸದವರ ಜಾಹೀರಾತಿನಲ್ಲಿ ನಿನ್ನೆ ರಾತ್ರಿ ಅದೇ ಫೋಟೋ ಮತ್ತೆ ಕಣ್ಣಿಗೆ ಬಿತ್ತು. ಅದೇ ಕೆರೆ, ಅದೇ ಹೆಬ್ಬಾತುಗಳ ಸಾಲು, ಎಡಗಡೆಯಿಂದ ಮೂರನೇ ಹಕ್ಕಿಯ ಕುತ್ತಿಗೆಯಲ್ಲಿ ಅದೇ ಹಸಿರು ಪಟ್ಟಿ. ಕೆಳಗೆ "ದರ್ಶನ ಗ್ಯಾರಂಟಿ, ಕೆಲವೇ ಸೀಟು ಬಾಕಿ" ಅಂತ ಬರೆದಿದ್ದಾರೆ. ಮೈಯೆಲ್ಲಾ ಉರಿದುಹೋಯ್ತು. ಇಷ್ಟು ದಿನ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಸುಮ್ಮನಿದ್ದರೆ ಇನ್ನೊಂದಷ್ಟು ಮನೆಯವರು ಬೀಳ್ತಾರೆ.

ಇದು ಬೆಂಗಳೂರು ಪಕ್ಕದ ಮಾಗಡಿ ಅಲ್ಲ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಅಲ್ಲಿನ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರ್ತವೆ. ಬಿಳಿ ತಲೆ, ಹಿಂದಲೆಗೆ ಎರಡು ಕಪ್ಪು ಪಟ್ಟೆ. ನನ್ನಮ್ಮನಿಗೆ ಅದನ್ನ ಒಂದು ಸಲ ಕಣ್ಣಾರೆ ನೋಡಬೇಕು ಅಂತ ಬಹಳ ವರ್ಷದ ಆಸೆ. ಅಮ್ಮನಿಗೆ ಈಗ ಅರವತ್ತೆಂಟು, ಮಂಡಿನೋವು. ಈ ಸಲ ಬಿಟ್ಟರೆ ಮುಂದಿನ ಸಲ ಆಗುತ್ತೋ ಇಲ್ಲವೋ ಅನ್ನೋ ಯೋಚನೆಯಲ್ಲೇ ಅವಸರ ಮಾಡಿದೆ. ತಪ್ಪಿದ್ದೇ ಅಲ್ಲಿ.

ಆ ಪ್ರವಾಸಕ್ಕೆ ತಲೆಗೆ 7,500 ರೂಪಾಯಿ. ನಾವು ಮೂವರು. ನನ್ನ ಮಾತು ಕೇಳಿ ಆಫೀಸಿನ ಗೆಳತಿಯ ಮನೆಯವರು ಇನ್ನೂ ಮೂವರು. ಒಟ್ಟು 45,000. ಅದರ ಮೇಲೆ "ವಿಶೇಷ ಅನುಮತಿ ಶುಲ್ಕ" ಅಂತ ತಲೆಗೆ 1,200 ಬೇರೆ. ಇದೇನು ಅಂತ ಕೇಳಿದ್ದಕ್ಕೆ ಬಂದ ಉತ್ತರ: "ಮೇಡಂ, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ, ಈಗ ಸುಮ್ಮನೆ ಬಿಡಲ್ಲ." ರಾಮ್ಸಾರ್ ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ, ಅದಕ್ಕೆ ಸೇರಿದ್ದು ನಿಜ. ಅಂಕಸಮುದ್ರ, ಅಘನಾಶಿನಿ ಜೊತೆ ಮಾಗಡಿ ಹೆಸರೂ ಪೇಪರಿನಲ್ಲಿ ಬಂದಿತ್ತು, ನಾನೇ ಓದಿದ್ದೆ. ಅರ್ಧ ನಿಜ ಇದ್ದದ್ದಕ್ಕೇ ಉಳಿದರ್ಧವನ್ನೂ ನಂಬಿದೆ. ರಸೀದಿ ಕೇಳಲಿಲ್ಲ. ಇವತ್ತಿಗೂ ರಸೀದಿ ಇಲ್ಲ.

ಹೊರಡಬೇಕಿದ್ದದ್ದು ಫೆಬ್ರವರಿ ಮಧ್ಯದಲ್ಲಿ. ಎರಡು ದಿನ ಮುಂಚೆ ಫೋನು: ಅನುಮತಿ ಬಂದಿಲ್ಲ, ಮಾರ್ಚ್‌ಗೆ ಹಾಕೋಣ. ಮಾರ್ಚ್ ಬಂತು. ಗಾಡಿ ಕೆಟ್ಟಿದೆ, ಏಪ್ರಿಲ್‌ಗೆ ಹಾಕೋಣ. ಏಪ್ರಿಲ್‌ನಲ್ಲಿ ಹಕ್ಕಿ ಇರ್ತವಾ ಅಂತ ನಾನು ಕೇಳಿದೀನಿ! ಬಾಯಿಬಿಟ್ಟು ಕೇಳಿದೀನಿ. "ಈ ಸಲ ಚಳಿ ತಡವಾಗಿ ಶುರುವಾಗಿದೆ ಮೇಡಂ, ಏಪ್ರಿಲ್ ಕೊನೆವರೆಗೂ ಎಲ್ಲೂ ಹೋಗಲ್ಲ. ಇವತ್ತು ಬೆಳಿಗ್ಗೆ ನಮ್ಮ ಹುಡುಗ ತೆಗೆದಿದ್ದು ನೋಡಿ" ಅಂತ ಫೋಟೋ ಕಳಿಸಿದರು. ಆ ಹಸಿರು ಪಟ್ಟಿಯ ಫೋಟೋ. ಅಮ್ಮ ಅದನ್ನ ದೊಡ್ಡದು ಮಾಡಿ ಮಾಡಿ ನೋಡಿದ್ದೇ ನೋಡಿದ್ದು.

ರಾತ್ರಿಯೆಲ್ಲಾ ಟೆಂಪೋದಲ್ಲಿ ಕೂತು ಬೆಳಿಗ್ಗೆ ಕೆರೆ ಮುಟ್ಟಿದಾಗ ಮೊದಲು ಕಂಡದ್ದು ಕೆಸರು. ಫೋಟೋದಲ್ಲಿ ನೀರು ದಂಡೆಯವರೆಗೂ ಇತ್ತು, ಹಿಂದಿನ ಹೊಲ ಹಸಿರಾಗಿತ್ತು. ಇಲ್ಲಿ ನೀರು ಒಳಗೆ ಸರಿದು, ಅಂಚಿನ ಕೆಸರು ಒಣಗಿ ಹೆಂಚಿನ ಹಾಗೆ ಬಿರಿದಿತ್ತು. ಅದರ ಮೇಲೆ ಒಂದು ಬೂದು ಗರಿ ಅಂಟಿಕೊಂಡಿತ್ತು. ಅಷ್ಟೇ. ಗೈಡ್ ದುರ್ಬೀನು ಕೊಟ್ಟು ದೂರದಲ್ಲಿ ಕೈ ತೋರಿಸಿ "ಅಲ್ನೋಡಿ, ಹೆಬ್ಬಾತು" ಅಂದ. ಅಮ್ಮ ತುಂಬಾ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ "ತಲೆ ಬೆಳ್ಳಗಿಲ್ವಲ್ಲೋ ಮಗಾ" ಅಂದರು. ನಾನೂ ನೋಡಿದೆ. ಕಂದು ಮೈ, ಕಪ್ಪು ಕೊಕ್ಕು, ಕೊಕ್ಕಿನ ತುದಿಗೆ ಹಳದಿ. ಚುಕ್ಕೆಕೊಕ್ಕಿನ ಬಾತು ಅದು. ನಮ್ಮ ಬೆಂಗಳೂರಿನ ಕೆರೆಗಳಲ್ಲೇ ಸಿಗುತ್ತೆ. ಅದನ್ನ ನೋಡೋಕೆ ನಾನೂರು ಕಿಲೋಮೀಟರ್!

"ಹಾರಿದಾಗ ಪಟ್ಟೆ ಕಾಣುತ್ತೆ" ಅಂತ ಆ ಗೈಡ್ ಮಣ್ಣಿನ ಹೆಂಟೆ ಎತ್ತಿ ನೀರಿಗೆ ಬೀಸಿದ. ಬಾತುಗಳು, ಮೆಟ್ಟುಗಾಲು ಹಕ್ಕಿಗಳು ಎಲ್ಲಾ ಕಿರುಚಿಕೊಂಡು ಎದ್ದವು. ನನಗೆ ದುಡ್ಡು ಹೋಗಿದ್ದಕ್ಕಿಂತ ಇದಕ್ಕೆ ಹೊಟ್ಟೆ ಉರೀತು. ನಿಲ್ಲಿಸೋ ಅಂತ ಕೂಗಿದೆ.

ಕೂಗು ಕೇಳಿ ಕಾವಲಿನವರು ಬಂದರು. ವಯಸ್ಸಾದವರು, ಹೆಗಲ ಮೇಲೆ ಟವೆಲ್ಲು. ಮೊದಲು ಗೈಡ್‌ಗೆ ಬೈದು, ಆಮೇಲೆ ನಮ್ಮನ್ನ ಕೇಳಿದರು, "ಯಾವೂರಿನಿಂದ ಬಂದೀರಿ? ಏನ್ ನೋಡಾಕ?" ಹೆಬ್ಬಾತು ಅಂದೆ. ಅವರು ನನ್ನ ಮುಖ ನೋಡಿ, ಅಮ್ಮನ ಮುಖ ನೋಡಿದರು. "ಅವು ಹೋಗಿ ತಿಂಗಳಾತಲ್ರೀ ತಂಗಿ. ಕಡ್ಲಿ ಹೊಲ ಖಾಲಿ ಆದ್ವು, ಬಿಸಿಲು ಏರ್ತು, ಅವೂ ಹ್ವಾದ್ವು. ನಿಮಗ ಯಾರೂ ಹೇಳಲಿಲ್ಲೇನ?"

ಯಾರೂ ಹೇಳಲಿಲ್ಲ. ದುಡ್ಡು ತಗೊಂಡವರು ಹೇಳಲಿಲ್ಲ. ವಿಶೇಷ ಅನುಮತಿ ಶುಲ್ಕದ ಬಗ್ಗೆ ಕೇಳಿದೆ. ಅಂಥ ಹೆಸರಿನ ಚೀಟಿ ತಾವು ಇವತ್ತಿನವರೆಗೂ ನೋಡಿಲ್ಲ ಅಂದರು. ನನ್ನ ಗೆಳತಿಯ ಗಂಡ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ತಿದ್ದರು. ಒಂದು ಮಾತೂ ಆಡಲಿಲ್ಲ. ಅವರು ಬೈದಿದ್ದರೆ ವಾಸಿ ಇತ್ತು.

ಅಲ್ಲೇ ನಿಂತು ಪ್ರವಾಸದವರಿಗೆ ಫೋನ್ ಮಾಡಿದೆ. ಆ ಕಡೆಯ ಉತ್ತರಗಳನ್ನ ಇದ್ದ ಹಾಗೇ ಬರೀತೀನಿ. ಮೊದಲು, "ನೇಚರ್ ಅಲ್ವಾ ಮೇಡಂ, ನಮ್ಮ ಕೈಲಿಲ್ಲ." ಗ್ಯಾರಂಟಿ ಅಂತ ಬರೆದಿದ್ದೀರಲ್ಲಾ ಅಂದೆ. "ಗ್ಯಾರಂಟಿ ಕೆರೆ ತೋರಿಸೋದಕ್ಕೆ, ಹಕ್ಕಿಗಲ್ಲ." ಇವತ್ತು ಬೆಳಿಗ್ಗೆಯ ಫೋಟೋ ಅಂದಿರಲ್ಲಾ? "ಹುಡುಗ ಕನ್ಫ್ಯೂಸ್ ಮಾಡ್ಕೊಂಡಿದ್ದಾನೆ." ಶುಲ್ಕದ ರಸೀದಿ? "ಆಫೀಸಲ್ಲಿದೆ, ಕಳಿಸ್ತೀನಿ." ಕೊನೆಗೆ, "ಲಕ್ಕುಂಡಿ ದೇವಸ್ಥಾನ ಫ್ರೀಯಾಗಿ ತೋರಿಸ್ತೀವಿ ಬಿಡಿ, ನಿಮ್ಮಮ್ಮ ಖುಷಿ ಪಡ್ತಾರೆ."

ಲಕ್ಕುಂಡಿ ಚೆನ್ನಾಗಿದೆ, ಅದರ ಬಗ್ಗೆ ನನಗೆ ಒಂದು ತಕರಾರೂ ಇಲ್ಲ. ಆದರೆ ನನ್ನಮ್ಮನ ಖುಷಿ ನೀವು ನನಗೆ ಹೇಳಿಕೊಡಬೇಡಿ. ಅಮ್ಮ ಗಾಡಿಯಿಂದ ಇಳಿಯಲೇ ಇಲ್ಲ.

ವಾಪಸ್ ಬಂದು ಫೋಟೋದ ಜಾಡು ಹಿಡಿದೆ. ಮಂಗೋಲಿಯಾದಲ್ಲಿ ಸಂಶೋಧಕರು ಕೆಲವು ಹೆಬ್ಬಾತುಗಳ ಕುತ್ತಿಗೆಗೆ ಬಣ್ಣದ ಪಟ್ಟಿ ಹಾಕಿ ಬಿಡ್ತಾರೆ, ಅಂಥವು ಕರ್ನಾಟಕದಲ್ಲೂ ಕಂಡಿವೆ. ಆ ಪಟ್ಟಿ ಗುರುತಿಟ್ಟು ಇವರದೇ ಹಳೇ ಜಾಹೀರಾತುಗಳನ್ನ ಕೆದಕಿದರೆ, ಎರಡು ವರ್ಷದ ಹಿಂದಿನದರಲ್ಲೂ ಅದೇ ಫೋಟೋ! ಇದನ್ನೂ ಕಳಿಸಿ ಕೇಳಿದೆ. "ಹಕ್ಕಿಗಳು ಪ್ರತಿವರ್ಷ ಅವೇ ಬರ್ತವೆ ಮೇಡಂ" ಅಂದರು. ಅದೇ ಜಾಗದಲ್ಲಿ, ಅದೇ ಸಾಲಿನಲ್ಲಿ, ಅದೇ ಭಂಗಿಯಲ್ಲಿ ನಿಲ್ತವಾ? ಅದಕ್ಕೆ ಉತ್ತರ ಇಲ್ಲ. ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ.

ಹೋಗೋರು ನವೆಂಬರ್ ಕೊನೆಯಿಂದ ಫೆಬ್ರವರಿಯ ಒಳಗೆ ಹೋಗಿ. ಮಾರ್ಚ್ ಅಂದರೆ ಅನುಮಾನ, ಏಪ್ರಿಲ್ ಅಂದರೆ ಮೋಸ. ದಿನಾಂಕ ಒಂದು ಸಲ ಮುಂದೆ ಹಾಕಿದರೂ ದುಡ್ಡು ವಾಪಸ್ ಕೇಳಿ, ನನ್ನ ಹಾಗೆ ಮರ್ಯಾದೆಗೆ ಅಂಜಿ ಕೂರಬೇಡಿ. ಹಕ್ಕಿ ಇದೆಯೋ ಇಲ್ಲವೋ ಹಕ್ಕಿ ನೋಡುಗರು ತಾವು ಕಂಡದ್ದನ್ನ ದಾಖಲಿಸೋ ವೆಬ್‌ಸೈಟ್ ಇ-ಬರ್ಡ್‌ನಲ್ಲಿ ನೋಡಿ, ಆ ವಾರ ಯಾರಾದರೂ ನೋಡಿದ್ದರೆ ದಿನಾಂಕ ಸಮೇತ ಇರುತ್ತೆ. ನಾನು ಐದು ನಿಮಿಷ ಅದನ್ನ ನೋಡಿದ್ದರೆ ಸಾಕಿತ್ತು. ಗದಗಿನವರೆಗೆ ರೈಲಿದೆ, ಅಲ್ಲಿಂದ ಲೋಕಲ್ ಗಾಡಿ ಸಿಗುತ್ತೆ, ಇವರ ಹಂಗೇ ಬೇಡ.

ಗೆಳತಿಯ ಮನೆಯವರ ದುಡ್ಡನ್ನ ನಾನು ಕೈಯಿಂದ ಕೊಟ್ಟಿದ್ದೀನಿ, ಬೇಡ ಅಂದರೂ ಬಿಡಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ, ನಂಬರ್ ಬಂದಿದೆ. ಇದೇ ಫೋಟೋ ನೋಡಿ ದುಡ್ಡು ಹಾಕಿದವರು ಇನ್ನೂ ಇದ್ದರೆ ಮೆಸೇಜು, ಪಾವತಿಯ ಸ್ಕ್ರೀನ್‌ಶಾಟು ಯಾವುದನ್ನೂ ಅಳಿಸಬೇಡಿ. ಕೆರೆ ದಂಡೆಯಲ್ಲಿ ಸಿಟ್ಟಿಗೆ ನಾನು ಅರ್ಧ ಮೆಸೇಜು ಅಳಿಸಿಬಿಟ್ಟೆ, ಈಗ ದೂರಿಗೆ ಲಗತ್ತಿಸೋಕೆ ಅವೇ ಬೇಕಾಗಿವೆ.