ಮಲೇರಿಯಾ ಟೂಲ್ ಮಿಂಟ್ ಬಳಸಿ ನೋಡಿದೆ: ಸೊಳ್ಳೆ ಎಣಿಸಿದ್ದು ವ್ಯರ್ಥವಾಗಲಿಲ್ಲ

ಒಂದು ಟ್ಯೂಬಿಗೆ ಇಪ್ಪತ್ತೈದು ಹೆಣ್ಣು ಸೊಳ್ಳೆ. ಎಲ್ಲವೂ ಮೂರರಿಂದ ಐದು ದಿನದವು. ರಬ್ಬರ್ ನಳಿಗೆ ಬಾಯಿಟ್ಟು ಮೆಲ್ಲಗೆ ಉಸಿರು ಎಳೆದರೆ ಸೊಳ್ಳೆ ಗಾಜಿನ ಕೊಳವೆಯೊಳಗೆ ಬರುತ್ತದೆ. ಅಲ್ಲಿಂದ ಅದನ್ನು ಸೊಳ್ಳೆ ಕೊಲ್ಲುವ ಮದ್ದಿನ ಕಾಗದ ಸುತ್ತಿದ ಟ್ಯೂಬಿಗೆ ಊದಬೇಕು. ಜೋರಾಗಿ ಊದಿದರೆ ರೆಕ್ಕೆ ಮುರಿಯುತ್ತದೆ, ಲೆಕ್ಕ ಕೆಡುತ್ತದೆ. ಒಂದು ಗಂಟೆ ಅಲ್ಲಿಟ್ಟು, ಮತ್ತೆ ಮದ್ದಿಲ್ಲದ ಟ್ಯೂಬಿಗೆ ಸಾಗಿಸಿ, ಮೇಲೆ ಸಕ್ಕರೆ ನೀರಿನ ಹತ್ತಿ ಇಡುತ್ತೇವೆ. ಮರುದಿನ ಅದೇ ಹೊತ್ತಿಗೆ ಎಣಿಕೆ. ನೂರಕ್ಕೆ 98 ಅಥವಾ ಜಾಸ್ತಿ ಸತ್ತಿದ್ದರೆ ಮದ್ದು ಕೆಲಸ ಮಾಡುತ್ತಿದೆ. 90ಕ್ಕಿಂತ ಕಡಿಮೆ ಸತ್ತಿದ್ದರೆ ಸೊಳ್ಳೆ ಮದ್ದಿಗೆ ಜಗ್ಗುತ್ತಿಲ್ಲ ಎಂದೇ ಅರ್ಥ.

ನನ್ನ ಊರು ಪುತ್ತೂರಿನ ಹತ್ತಿರ. ಐದು ವರ್ಷದಿಂದ ಟಾಂಜಾನಿಯಾದ ಮ್ವಾನ್ಜಾದಲ್ಲಿದ್ದೇನೆ, ವಿಕ್ಟೋರಿಯಾ ಸರೋವರದ ದಂಡೆಯಲ್ಲಿ. ಈ ಎಣಿಕೆಯೇ ನನ್ನ ಕೆಲಸ. ಮೊದಲೆಲ್ಲಾ ಒಂದು ಪ್ರಶ್ನೆ ಕಾಡುತ್ತಿತ್ತು. ಇವತ್ತು ನೂರರಲ್ಲಿ 60 ಸೊಳ್ಳೆ ಬದುಕಿ ಹಾರುತ್ತಿವೆ, ಸರಿ. ಹಾಗಾದರೆ ಆ ಹಳ್ಳಿಯಲ್ಲಿ ಎಷ್ಟು ಮಕ್ಕಳಿಗೆ ಮಲೇರಿಯಾ ಜ್ವರ ಬರುತ್ತದೆ? ಯಾವ ಸೊಳ್ಳೆ ಪರದೆ ಕೊಟ್ಟರೆ ಕಡಿಮೆಯಾಗುತ್ತದೆ? ಟ್ಯೂಬು ಅದನ್ನು ಹೇಳುವುದಿಲ್ಲ ಅಲ್ವಾ?

ಅದಕ್ಕೆ ಉತ್ತರ ಕೊಡಲು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಮಾಡಿರುವ ಟೂಲ್ ಮಿಂಟ್. ಪೂರ್ತಿ ಹೆಸರು ಮಲೇರಿಯಾ ಇಂಟರ್‌ವೆನ್ಷನ್ ಟೂಲ್. ಬ್ರೌಸರ್‌ನಲ್ಲೇ ತೆರೆಯಬಹುದು, ದುಡ್ಡು ಕೊಡಬೇಕಾಗಿಲ್ಲ. ಕೋಡ್ ಬರೆಯಲು ಬರಬೇಕೆಂದೂ ಇಲ್ಲ.

ನಿಮ್ಮ ಪ್ರದೇಶದ ಹೆಸರು ಕೊಟ್ಟು ಕೆಲವು ಪ್ರಶ್ನೆಗಳಿಗೆ ಉತ್ತರಿಸಬೇಕು. ಜನಸಂಖ್ಯೆ ಎಷ್ಟು, ಮಲೇರಿಯಾ ಮಳೆಗಾಲಕ್ಕೆ ಮಾತ್ರವೋ ವರ್ಷವಿಡೀ ಇದೆಯೋ, ಐದು ವರ್ಷದೊಳಗಿನ ಮಕ್ಕಳಲ್ಲಿ ಎಷ್ಟು ಜನರ ರಕ್ತದಲ್ಲಿ ರೋಗಾಣು ಕಾಣುತ್ತದೆ, ಎಷ್ಟು ಜನ ಪರದೆಯೊಳಗೆ ಮಲಗುತ್ತಾರೆ. ಸೊಳ್ಳೆ ಮನುಷ್ಯರನ್ನೇ ಹುಡುಕಿ ಕಚ್ಚುತ್ತದೆಯೋ, ದನವನ್ನೂ ಬಿಡುವುದಿಲ್ಲವೋ ಎಂದೂ ಕೇಳುತ್ತದೆ. ಮತ್ತೆ ನಮ್ಮ ಟ್ಯೂಬಿನ ಲೆಕ್ಕ: ಪರದೆಗೆ ಹಚ್ಚುವ ಪೈರೆಥ್ರಾಯ್ಡ್ ಎಂಬ ಮದ್ದಿಗೆ ಎಷ್ಟು ಶೇಕಡಾ ಸೊಳ್ಳೆ ಸಾಯದೆ ಉಳಿಯುತ್ತವೆ? ಉತ್ತರ ತುಂಬಿದರೆ ಮುಂದಿನ ಮೂರು ವರ್ಷ ಮಲೇರಿಯಾ ಎಷ್ಟಿರಬಹುದು ಎಂಬ ಗ್ರಾಫ್ ಬರುತ್ತದೆ. ಪೈರೆಥ್ರಾಯ್ಡ್ ಮಾತ್ರ ಇರುವ ಮಾಮೂಲಿ ಪರದೆಗೊಂದು ಗೆರೆ, ಅದರ ಜೊತೆ ಪಿಬಿಒ ಎಂಬ ರಾಸಾಯನಿಕ ಸೇರಿಸಿದ ಪರದೆಗೊಂದು, ಕ್ಲೋರ್‌ಫೆನಾಪಿರ್ ಎಂಬ ಬೇರೆ ಮದ್ದೂ ಸೇರಿದ ಪರದೆಗೊಂದು, ಗೋಡೆಗೆ ಮದ್ದು ಹೊಡೆಯುವುದಕ್ಕೊಂದು. ಪರದೆಯ ಬೆಲೆ ಹಾಕಿದರೆ ಖರ್ಚಿನ ಲೆಕ್ಕವೂ ಸಿಗುತ್ತದೆ.

ಇದನ್ನು ನಾನು ನಂಬುವುದು ಲೆಕ್ಕದ ಹಿಂದಿರುವ ಗುಡಿಸಲುಗಳಿಗಾಗಿ. ಆಫ್ರಿಕಾದ ಹಲವು ಕಡೆ ಪ್ರಯೋಗಕ್ಕೆಂದೇ ಕಟ್ಟಿದ ಗುಡಿಸಲುಗಳಿವೆ. ಒಬ್ಬರು ರಾತ್ರಿ ಪರದೆಯೊಳಗೆ ಮಲಗುತ್ತಾರೆ. ಆ ಪರದೆಗೆ ಬೇಕೆಂದೇ ನಾಲ್ಕು ಸೆಂಟಿಮೀಟರ್ ಚೌಕದ ಆರು ತೂತು ಕತ್ತರಿಸಿರುತ್ತಾರೆ, ಹಳ್ಳಿಮನೆಯ ಹರಿದ ಪರದೆಯ ಹಾಗೆ. ಬೆಳಿಗ್ಗೆ ಒಳಗಿನ ಸೊಳ್ಳೆಗಳನ್ನೆಲ್ಲ ಹಿಡಿದು ನೋಡುತ್ತಾರೆ. ಯಾವುದು ಸತ್ತಿದೆ, ಯಾವುದರ ಹೊಟ್ಟೆ ರಕ್ತ ಕುಡಿದು ಕೆಂಪಾಗಿದೆ, ಯಾವುದು ಕಚ್ಚದೆ ಹೊರಗೆ ಹೋಗಲು ನೋಡಿದೆ. ಟ್ಯೂಬಿನ ಲೆಕ್ಕಕ್ಕೂ ಗುಡಿಸಲಿನ ಲೆಕ್ಕಕ್ಕೂ ಇರುವ ನಂಟನ್ನು ಇಂಪೀರಿಯಲ್ ಕಾಲೇಜಿನವರು ಹುಡುಕಿ 2016ರಲ್ಲಿ ಪ್ರಕಟಿಸಿದರು. ಮಿಂಟ್ ಲೆಕ್ಕ ನಿಂತಿರುವುದು ಆ ನಂಟಿನ ಮೇಲೆ. ಸೊಳ್ಳೆ ಮದ್ದಿಗೆ ಸ್ವಲ್ಪ ಒಗ್ಗಿಕೊಂಡರೂ ಸಾಕು, ಊರಿನಲ್ಲಿ ಕಾಯಿಲೆ ಏರಬಹುದು ಎಂದು ಆಗಲೇ ತೋರಿಸಿದ್ದರು. ಒಳಗೆ ಮಲಗಿದವರಿಗೆ ಪರದೆ ಒಂದಿಷ್ಟು ರಕ್ಷಣೆ ಕೊಡುತ್ತಲೇ ಇರುತ್ತದೆ. ಆದರೆ ಸೊಳ್ಳೆ ಸಾಯದಿದ್ದರೆ ಪಕ್ಕದ ಮನೆಗೆ ಹೋಗುತ್ತದೆ. ಪರದೆ ಇಲ್ಲದ ಮನೆಯ ಮಗುವಿಗೆ ಸಿಗುತ್ತಿದ್ದ ಲಾಭ ಹಾಗೆ ಕರಗಿ ಹೋಗುತ್ತದೆ.

ನಾನು ಮೊದಲು ಪರೀಕ್ಷೆ ಮಾಡಿದ್ದು ನಮ್ಮ ಪಕ್ಕದ ಮಿಸುಂಗ್ವಿ ಜಿಲ್ಲೆಯ ಅಂಕಿಗಳಿಂದ. ಅಲ್ಲಿ 2019ರಲ್ಲಿ ಶುರುವಾದ ದೊಡ್ಡ ಟ್ರಯಲ್‌ನ ಫಲಿತಾಂಶ 2022ರಲ್ಲಿ ಬಂತು. ಎರಡು ವರ್ಷದ ಕೊನೆಗೆ ಮಾಮೂಲಿ ಪರದೆ ಕೊಟ್ಟ ಕಡೆ ಪರೀಕ್ಷಿಸಿದ ಮಕ್ಕಳಲ್ಲಿ ಶೇ. 45.8 ಮಂದಿಗೆ ಸೋಂಕಿತ್ತು. ಕ್ಲೋರ್‌ಫೆನಾಪಿರ್ ಪರದೆಯ ಕಡೆ ಶೇ. 25.6. ಪಿಬಿಒ ಕಡೆ ಶೇ. 40.7. ಮಿಂಟ್‌ನಲ್ಲೂ ಅದೇ ಕ್ರಮ ಬಂತು: ಕ್ಲೋರ್‌ಫೆನಾಪಿರ್ ಮುಂದೆ, ಪಿಬಿಒ ನಡುವೆ, ಮಾಮೂಲಿಯದು ಕೊನೆಗೆ. ಮಿಂಟ್ ಮಾಡಿದವರೂ 2022ರಲ್ಲಿ ತಮ್ಮ ಲೆಕ್ಕವನ್ನು ಹತ್ತಕ್ಕೂ ಹೆಚ್ಚು ಟ್ರಯಲ್‌ಗಳ ಜೊತೆ ಹೋಲಿಸಿ ನೋಡಿದ್ದಾರೆ.

ಕ್ಲೋರ್‌ಫೆನಾಪಿರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಪೈರೆಥ್ರಾಯ್ಡನ್ನು ಮುರಿದು ಹಾಕಲು ಸೊಳ್ಳೆ ತನ್ನೊಳಗೆ ಕೆಲವು ಕಿಣ್ವಗಳನ್ನು ಜಾಸ್ತಿ ಮಾಡಿಕೊಂಡಿರುತ್ತದೆ. ಪಿಬಿಒ ಆ ಕಿಣ್ವದ ಕೈ ಕಟ್ಟುತ್ತದೆ. ಕ್ಲೋರ್‌ಫೆನಾಪಿರ್ ಹಾಗಲ್ಲ. ಅದೇ ಬಗೆಯ ಕಿಣ್ವ ಮುಟ್ಟಿದ ಮೇಲೇ ಅದು ವಿಷವಾಗುತ್ತದೆ! ಆದರೆ ನಿಧಾನ. ಅದಕ್ಕೇ ಇದರ ಎಣಿಕೆಗೆ ನಾವು ಮೂರು ದಿನ ಕಾಯುತ್ತೇವೆ. ಮೊದಲ ದಿನ ಟ್ಯೂಬಿನಲ್ಲಿ ಹಾರಾಡುತ್ತಿದ್ದ ಸೊಳ್ಳೆಗಳು ಮೂರನೇ ದಿನ ತಳದಲ್ಲಿ ಬಿದ್ದಿದ್ದನ್ನು ನೋಡಿದಾಗ ಆದ ಸಂತೋಷ ಇನ್ನೂ ನೆನಪಿದೆ.

ಈಗ ಕೊರತೆ. ಕೆಲವು ಪ್ರಶ್ನೆಗಳಿಗೆ ಹೆಚ್ಚು ಅಥವಾ ಕಡಿಮೆ ಎಂದಷ್ಟೇ ಉತ್ತರ ಕೊಡಬಹುದು. ಹಳ್ಳಿಯಿಂದ ಹಳ್ಳಿಗೆ ಇರುವ ವ್ಯತ್ಯಾಸ ಅದರಲ್ಲಿ ಹಿಡಿಯುವುದಿಲ್ಲ. ಇನ್ನು ಪರದೆ ಹರಿಯುವುದು, ಜನ ಅದನ್ನು ಬಿಚ್ಚಿಡುವುದು. ಮಿಸುಂಗ್ವಿಯಲ್ಲಿ ಪಿಬಿಒ ಪರದೆ ಹಿಂದೆ ಬಿದ್ದದ್ದಕ್ಕೆ ಅದೂ ಕಾರಣ. ಹಾಗಾಗಿ ಮೂರನೇ ವರ್ಷದ ಗೆರೆಯನ್ನು ನಾನು ಮೊದಲ ವರ್ಷದಷ್ಟು ನೆಚ್ಚಿಕೊಳ್ಳುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಟೂಲ್‌ನದ್ದಲ್ಲ, ನಮ್ಮದು. ಹಿಂದೆ ನಾನಿದ್ದ ಒಂದು ಕಡೆ, ಅರ್ಜಿ ಕಳಿಸುವ ಅವಸರದಲ್ಲಿ ನಾಲ್ಕು ವರ್ಷದ ಹಿಂದಿನ ಟ್ಯೂಬ್ ಲೆಕ್ಕ ಹಾಕಿದರು. ಶೇ. 20 ಸೊಳ್ಳೆ ಬದುಕುತ್ತವೆ ಎಂದು. ಗೆರೆಗಳೆಲ್ಲ ಒಂದರ ಪಕ್ಕ ಒಂದು ಬಂದವು. ಅಗ್ಗದ ಪರದೆಯೇ ಸಾಕು ಎಂದಾಯಿತು. ಮಳೆ ಬಿದ್ದ ಮೇಲೆ ನಾವು ಹೊಸದಾಗಿ ಸೊಳ್ಳೆ ಹಿಡಿದು ಎಣಿಸಿದರೆ ನೂರರಲ್ಲಿ 62 ಬದುಕಿದ್ದವು. ಅಷ್ಟರಲ್ಲಿ ಪರದೆ ಹಂಚಿ ಆಗಿತ್ತು. ಆ ಹಳ್ಳಿಯ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕೂತಿದ್ದು ನನಗೆ ಮರೆಯಲು ಆಗಿಲ್ಲ.

ಊರಿನ ಗೆಳೆಯರು ಮಂಗಳೂರಿಗೆ ಇದು ಆಗುತ್ತದಾ ಎಂದು ಕೇಳಿದ್ದರು. ಆಗುವುದಿಲ್ಲ. ಇದನ್ನು ಕಟ್ಟಿದ್ದು ಆಫ್ರಿಕಾದ ಸೊಳ್ಳೆಗಳ ಲೆಕ್ಕದ ಮೇಲೆ. ಇಲ್ಲಿ ಮ್ವಾನ್ಜಾ ಕಡೆ ಅನಾಫಿಲಿಸ್ ಫ್ಯುನೆಸ್ಟಸ್ ಎಂಬ ಸೊಳ್ಳೆ ಜಾಸ್ತಿ, ಮನೆಯೊಳಗೆ ರಾತ್ರಿ ಕಚ್ಚುತ್ತದೆ. ಮಂಗಳೂರಿನಲ್ಲಿ ಮಲೇರಿಯಾ ಹರಡುವುದು ಸ್ಟೆಫೆನ್ಸಿ ಎಂಬ ಬೇರೆ ಸೊಳ್ಳೆ. ತಾರಸಿ ಮೇಲಿನ ಟ್ಯಾಂಕಿಯಲ್ಲಿ, ಕಟ್ಟಡ ಕಟ್ಟುವ ಕಡೆ ನಿಂತ ನೀರಿನಲ್ಲಿ ಹುಟ್ಟುತ್ತದೆ. ಅಲ್ಲಿ ಮೊದಲು ನೋಡಬೇಕಾದ್ದು ಟ್ಯಾಂಕಿಯ ಮುಚ್ಚಳ.

ಆಫ್ರಿಕಾದಲ್ಲಿ ಪರದೆ ಖರೀದಿಗೆ ಸಂಬಂಧಪಟ್ಟ ಕೆಲಸ ಮಾಡುವ ಕನ್ನಡಿಗರಿದ್ದರೆ ಧೈರ್ಯವಾಗಿ ಬಳಸಿ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಒಂದೇ ಉತ್ತರ ಹಾಕಿ ಬಿಡಬೇಡಿ. ಟ್ಯೂಬಿನ ಅಂಕಿಯನ್ನು 20 ಹೆಚ್ಚಿಸಿ ಒಮ್ಮೆ, 20 ತಗ್ಗಿಸಿ ಒಮ್ಮೆ ಹಾಕಿ, ಗೆರೆಗಳ ಕ್ರಮ ಬದಲಾಗುತ್ತದಾ ನೋಡಿ. ಬದಲಾದರೆ ಆರ್ಡರ್ ಹಾಕುವ ಮೊದಲು ಮತ್ತೊಮ್ಮೆ ಸೊಳ್ಳೆ ಹಿಡಿಯಲು ಹೋಗಿ. ನಾವು ಈ ವಾರ ಅದಕ್ಕೇ ಹೊರಟಿದ್ದೇವೆ.