ಆಲ್ಮಾಲಿನಕ್ಸ್ 10ರ ವಿ2 ಆವೃತ್ತಿ: ಹಳೇ ಪಿಸಿಗೆ ಧೈರ್ಯವಾಗಿ ಹಾಕಿ

ಮಂಡ್ಯದ ನೂರಡಿ ರಸ್ತೆ ಹತ್ತಿರ ಪರಿಚಯದವರ ಕಂಪ್ಯೂಟರ್ ತರಬೇತಿ ಕೇಂದ್ರವಿದೆ. ಎಲ್ಲ ಮೈಸೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ಪಿಸಿಗಳು, ಜಾಸ್ತಿ ಇಂಟೆಲ್ ಐ5-3470 ಪ್ರೊಸೆಸರ್ ಇರುವಂಥವು. ಅವಕ್ಕೆ ರೆಡ್ ಹ್ಯಾಟ್ ಲಿನಕ್ಸಿಗೆ ಹೊಂದುವ ಉಚಿತ ಆಪರೇಟಿಂಗ್ ಸಿಸ್ಟಮ್ ಆಲ್ಮಾಲಿನಕ್ಸ್ 10ರ ವಿ2 ಆವೃತ್ತಿ ಹಾಕಿಕೊಟ್ಟೆ. ಐದಕ್ಕೆ ನಾಲ್ಕು ಸ್ಟಾರ್.

ಏನಿದು ವಿ2 ಅಂತೀರಾ? 2020ರಲ್ಲಿ ಇಂಟೆಲ್, ಎಎಂಡಿ, ರೆಡ್ ಹ್ಯಾಟ್, ಸೂಸೆ ಸೇರಿ 64 ಬಿಟ್ ಪ್ರೊಸೆಸರ್‌ಗಳಿಗೆ ನಾಲ್ಕು ಮಟ್ಟ ಗೊತ್ತುಮಾಡಿದವು. ವಿ2ಗೆ ಎಸ್‌ಎಸ್‌ಇ4.2 ತನಕದ ಇನ್‌ಸ್ಟ್ರಕ್ಷನ್‌ಗಳು (ಪ್ರೊಸೆಸರ್ ತಿಳಿದಿರುವ ಆದೇಶಗಳು) ಇದ್ದರೆ ಸಾಕು, ವಿ3ಗೆ ಇನ್ನೂ ಹೊಸದಾದ ಎವಿಎಕ್ಸ್2 ಬೇಕೇ ಬೇಕು. ರೆಡ್ ಹ್ಯಾಟ್ 10 ವಿ3ಗೆ ಏರಿತು. 3470ರಲ್ಲಿ ಎವಿಎಕ್ಸ್ ಇದೆ, ಎವಿಎಕ್ಸ್2 ಇಲ್ಲ, ಅಲ್ಲಿಗೆ ಅದರ ಕಥೆ ಮುಗಿಯಿತು. ಆಲ್ಮಾದವರು ವಿ3 ಜೊತೆಗೆ ವಿ2ಗೂ ಬೇರೆ ಬಿಲ್ಡ್ ಕೊಟ್ಟರು, ಇಪಿಇಎಲ್ (ಹೆಚ್ಚುವರಿ ಸಾಫ್ಟ್‌ವೇರ್ ಸಂಗ್ರಹ) ಪ್ಯಾಕೇಜುಗಳ ಸಮೇತ.

ಮಾಡೆಲ್ ವರ್ಷ ನೋಡಿ ಲೆಕ್ಕ ಹಾಕಬೇಡಿ. 2013ರ ಐ7-4770 ವಿ3ಗೆ ಪಾಸ್. ಅದೇ ಕೇಂದ್ರದ ಆಫೀಸ್ ಟೇಬಲ್ ಮೇಲಿರುವ ಪೆಂಟಿಯಂ ಗೋಲ್ಡ್ ಜಿ6400, 2020ರದ್ದು, ಅದರಲ್ಲಿ ಎವಿಎಕ್ಸೇ ಇಲ್ಲ!

ಸ್ಪೀಡ್ ಕಮ್ಮಿಯಾಗಲ್ವಾ ಅಂತ ಕೇಳ್ತಾರೆ. ಪಾಠದ ಕೆಲಸಕ್ಕೆ ನನಗೇನೂ ವ್ಯತ್ಯಾಸ ಕಾಣಲಿಲ್ಲ. ನಂಪೈ, ಓಪನ್‌ಬ್ಲಾಸ್ ಥರದ ಭಾರೀ ಲೆಕ್ಕದ ಲೈಬ್ರರಿಗಳು (ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್) ಓಡುವಾಗಲೇ ಪ್ರೊಸೆಸರ್ ಯಾವುದು ಅಂತ ನೋಡಿ ತಕ್ಕ ಕೋಡ್ ಆರಿಸಿಕೊಳ್ಳುತ್ತವೆ, ಅದೂ ಸಾಲದಿದ್ದರೆ ಜಿಲಿಬ್‌ಸಿ (ಲಿನಕ್ಸಿನ ಮೂಲ ಲೈಬ್ರರಿ) 2.33ರಿಂದ ವಿ3 ಪ್ರತಿಯನ್ನು ಅದಕ್ಕೆಂದೇ ಇರುವ ಬೇರೆ ಫೋಲ್ಡರಿನಲ್ಲಿಟ್ಟರೆ, ಪ್ರೋಗ್ರಾಂ ಶುರುವಾಗುವಾಗ ಲೈಬ್ರರಿ ತರುವ ಲೋಡರ್ ಪ್ರೊಸೆಸರ್ ನೋಡಿ ತಾನೇ ಎತ್ತಿಕೊಳ್ಳುತ್ತದೆ. ನಾಲ್ಕು ಲೈಬ್ರರಿಗೋಸ್ಕರ ಇಡೀ ಸಿಸ್ಟಮನ್ನೇ ವಿ3ಗೆ ಏರಿಸೋದು ನೆಗಡಿಗೆ ಮೂಗು ಕೊಯ್ದುಕೊಂಡ ಹಾಗೆ.

ಒಂದು ಸ್ಟಾರ್ ಕಳೆದದ್ದು ಹೊರಗಿನ ಪ್ಯಾಕೇಜುಗಳಿಗೆ. ಅವನ್ನು ಮಾಡುವವರು ರೆಡ್ ಹ್ಯಾಟ್ 10 ಅಂದ ಮೇಲೆ ವಿ3 ಅಂತಲೇ ಬಿಲ್ಡ್ ಮಾಡಬಹುದು, ಇದಕ್ಕೆ ಆಲ್ಮಾದವರು ಏನೂ ಮಾಡೋಕಾಗಲ್ಲ. ಒಂದು ಬಿಲ್ಲಿಂಗ್ ಸಾಫ್ಟ್‌ವೇರ್, ಹೆಸರು ಬೇಡ ಬಿಡಿ, ಇನ್‌ಸ್ಟಾಲ್ ಆಯಿತು, ತೆರೆಯಿತು, ಎಂಟ್ರಿನೂ ತಗೊಂಡಿತು. ಪಿಡಿಎಫ್ ಒತ್ತಿದ ಕೂಡಲೇ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ (ಪ್ರೊಸೆಸರ್‌ಗೆ ಗೊತ್ತಿಲ್ಲದ ಆದೇಶ) ಅಂತ ಢಮಾರ್. ಜೊತೆಗೆ ಕೊಟ್ಟಿದ್ದ ಲೈಬ್ರರಿ ವಿ3ದು. ಆ ಫಂಕ್ಷನ್‌ಗೆ ಬರುವ ತನಕ ಗೊತ್ತೇ ಆಗಲ್ಲ ನೋಡಿ. ಪ್ಯಾಕೇಜ್ ಮಾಡುವವರು ಇನ್‌ಸ್ಟಾಲ್ ಹೊತ್ತಿಗೇ ಒಂದು ಚೆಕ್ ಹಾಕಿದ್ದರೆ ಏನಾಗ್ತಿತ್ತು?

ಡೌನ್‌ಲೋಡ್ ಮಾಡುವಾಗ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಹೆಸರಲ್ಲಿ ವಿ2 ಇದೆಯಾ ನೋಡಿಕೊಳ್ಳಿ. ಕೋರ್ 2 ಡ್ಯುಯೋ ಇರೋರು ಸುಮ್ನೆ ಇದನ್ನು ಹಾಕೋಕೆ ಹೋಗಬೇಡಿ. ಅದರಲ್ಲಿ ಎಸ್‌ಎಸ್‌ಇ4.2 ಇಲ್ಲ, ಅದಕ್ಕೆ ಇನ್ನೊಂದು ಲಿನಕ್ಸ್ ಆದ ಡೆಬಿಯನ್ 13 ನೋಡಿ.