ವಿಜಯಪುರದ ರೂಮು, ಊರಿನ ಮನೆ, ಬೆಳಗಾವಿಯ ನೌಕರಿ: ಮೂರನ್ನೂ ನೋಡಿದೆ

ನಾನು ಬಿ.ಕಾಂ ಮುಗಿಸಿದ್ದು 2023ರಲ್ಲಿ. ಆಮೇಲೆ ಹನ್ನೊಂದು ತಿಂಗಳು ವಿಜಯಪುರದಲ್ಲಿ ರೂಮು ಮಾಡಿ ಸರ್ಕಾರಿ ನೌಕರಿ ಪರೀಕ್ಷೆಗಳ ಕೋಚಿಂಗ್‌ಗೆ ಹೋದೆ. ನಾಲ್ಕು ತಿಂಗಳು ಜಮಖಂಡಿ ಹತ್ತಿರದ ನಮ್ಮೂರಲ್ಲಿ ಕೂತೆ. ಈಗ ಬೆಳಗಾವಿಯಲ್ಲಿ ವ್ಯಾಪಾರಿಗಳ ಟ್ಯಾಕ್ಸ್ ಲೆಕ್ಕ ನೋಡುವ ಒಂದು ಖಾಸಗಿ ಆಫೀಸಿನಲ್ಲಿ ಇದ್ದೇನೆ. ತಂಗಿಗೆ ಇದು ಡಿಗ್ರಿ ಕೊನೆಯ ವರ್ಷ. "ಅಕ್ಕಾ, ನಾ ಮುಂದ ಏನ್ ಮಾಡ್ಲಿ?" ಅಂತ ಕೇಳಿದಳು. ಅವಳಿಗೆ ಹೇಳಿದ್ದೇ ಇದು, ಸ್ವಲ್ಪ ಜಾಸ್ತಿ ಸೇರಿಸಿ.

ನಮ್ಮ ಕಡೆ ಡಿಗ್ರಿ ಆದವರು ಒಂದೋ ಧಾರವಾಡ, ಇಲ್ಲಾ ವಿಜಯಪುರ. ನನಗೆ ಕೃಷ್ಣಾ ಹೊಳೆ ದಾಟಿದರೆ ವಿಜಯಪುರವೇ ಹತ್ತಿರ. ರೂಮಿಗೆ ಮೂವರು, ನನ್ನ ಪಾಲು 1,500. ಮೆಸ್ಸಿಗೆ 2,200. ಓದುವ ಲೈಬ್ರರಿಗೆ 700. ಅಲ್ಲಿ ಪ್ಲೈವುಡ್ಡಿನ ಕ್ಯಾಬಿನ್, ತಲೆ ಮೇಲೊಂದು ಟ್ಯೂಬ್‌ಲೈಟು. ನನ್ನ ಕ್ಯಾಬಿನ್ನಿನ ಹಲಗೆ ಮೇಲೆ ಹಿಂದೆ ಕೂತವರು ಪೆನ್ಸಿಲ್‌ನಲ್ಲಿ ಕಟ್‌ಆಫ್, ಅಂದರೆ ಆಯ್ಕೆಯಾಗಲು ಬೇಕಾದ ಕನಿಷ್ಠ ಅಂಕ, ಬರೆದಿದ್ದರು. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್). ಮೂರೂ ಬೇರೆ ಬೇರೆ ಕೈಬರಹ. ಒಂದರ ಕೆಳಗೆ "1.25 ಕಡಿಮೆ" ಅಂತ ಬರೆದು ಎರಡು ಗೆರೆ ಹೊಡೆದಿದ್ದರು. ಓದಲು ಬೇಜಾರಾದಾಗ ಅದನ್ನೇ ನೋಡುತ್ತ ಕೂರುತ್ತಿದ್ದೆ.

ವಿಜಯಪುರದಷ್ಟು ಓದುವ ವಾತಾವರಣ ಬೇರೆ ಕಡೆ ನನಗೆ ಸಿಕ್ಕಿಲ್ಲ, ಅದು ನಿಜ. ಮೆಸ್ಸಿನಲ್ಲಿ ರೊಟ್ಟಿಗೆ ಕಾಯುವಾಗಲೂ ಯಾರಾದರೂ ಸಂವಿಧಾನದ ವಿಧಿ ಕೇಳುತ್ತಿದ್ದರು. ಗಣಿತ ತಿಳಿಯದಿದ್ದರೆ ಪಕ್ಕದ ಕ್ಯಾಬಿನ್ನಿನವಳು ಹೇಳಿಕೊಡುತ್ತಿದ್ದಳು. ಕಷ್ಟ ಇದ್ದದ್ದು ಕಾಯುವುದರಲ್ಲಿ. ನನ್ನ ರೂಮಿನಲ್ಲಿದ್ದ ಒಬ್ಬ ಅಕ್ಕ 545 ಹುದ್ದೆಗಳ ಪಿಎಸ್‌ಐ ಪರೀಕ್ಷೆ ಬರೆದದ್ದು 2021ರ ಅಕ್ಟೋಬರ್‌ನಲ್ಲಿ. ಅಕ್ರಮದ ಕಾರಣಕ್ಕೆ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮತ್ತೆ ಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಅಷ್ಟು ದಿನ ಅವರು ಅದೇ ಪುಸ್ತಕ, ಅದೇ ಮೆಸ್ಸು, ಅದೇ ರೂಮು. ಊರಿಗೆ ಹೋಗುವುದನ್ನೇ ಬಿಟ್ಟಿದ್ದರು. ಬಸ್ಸಿಳಿದ ಕೂಡಲೇ "ನೌಕರಿ ಹತ್ತಿತೇನವ್ವಾ?" ಅಂತ ಕೇಳುವವರು ಇರುತ್ತಾರಲ್ಲ.

ಇನ್ನು ರೊಕ್ಕದ ಮಾತು. ನನ್ನ ಖರ್ಚು ಬರುತ್ತಿದ್ದದ್ದು ಅಪ್ಪನ ಕಬ್ಬಿನ ಬಿಲ್ಲಿನಿಂದ. ಕಬ್ಬು ಕಳಿಸಿದ 14 ದಿನದೊಳಗೆ ಬಿಲ್ಲು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಆ ಸಲ ನಮ್ಮ ಕೈಗೆ ಬಂದದ್ದು ಎರಡೂವರೆ ತಿಂಗಳಿಗೆ. ಅಪ್ಪ ಒಂದು ದಿನವೂ ಏನೂ ಅನ್ನಲಿಲ್ಲ. "ಈ ವಾರ ಹಾಕ್ತೀನವ್ವಾ" ಅನ್ನುತ್ತಿದ್ದರು, ಅಷ್ಟೇ. ನಾನೇ ಮೆಸ್ಸಿನಲ್ಲಿ ಒಂದು ಹೊತ್ತು ಬಿಟ್ಟೆ. ಜನವರಿಯಿಂದ ಡಿಗ್ರಿ ಆಗಿ ನೌಕರಿ ಇಲ್ಲದವರಿಗೆ ಸರ್ಕಾರ ಕೊಡುವ ಯುವನಿಧಿಯ 3,000 ಬರತೊಡಗಿದಾಗ ಸ್ವಲ್ಪ ಉಸಿರಾಡಿದೆ.

ಇನ್ನೊಂದು ವಿಷಯ ಹೇಳಲು ನಾಚಿಕೆ. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಲೈಬ್ರರಿಯಲ್ಲೇ ಇರುತ್ತಿದ್ದೆ. ಒಂದು ವಾರ ಫೋನಿನಲ್ಲಿ ಟೈಮರ್ ಹಚ್ಚಿ ನೋಡಿದೆ. ನಿಜವಾಗಿ ಓದಿದ್ದು ದಿನಕ್ಕೆ ನಾಲ್ಕೂವರೆ ತಾಸು.

ಮನೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಖರ್ಚಿಲ್ಲ, ಅವ್ವನ ಕೈ ಊಟ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಎಂ.ಕಾಂಗೆ ಹೆಸರು ಹಚ್ಚಿದೆ. ಮುಂದೆ ಓದುವವರಿಗೆ ಯುವನಿಧಿ ಇಲ್ಲ, ಅದೂ ನಿಂತಿತು. ಪುಸ್ತಕ ತೆಗೆದರೆ ಯಾರೋ ಬೀಗರು ಬರುತ್ತಿದ್ದರು. ಚಹಾ ಇಡು, ವರನ ಫೋಟೋ ನೋಡು. ಓದಿಗೆ ಮೂರರಲ್ಲಿ ಇದೇ ಕೊನೆ.

ಬೆಳಗಾವಿಯಲ್ಲಿ ಪಗಾರ 12,000. ಪಿಜಿಗೆ 5,500 ಹೋಗುತ್ತದೆ. ಕೆಲಸ ಸರಳ, ಆದರೆ ತಾರೀಕು ಕಾಡುತ್ತದೆ. ವ್ಯಾಪಾರಿಗಳು ತಿಂಗಳಿಗೆ ಸಲ್ಲಿಸುವ ಜಿಎಸ್‌ಟಿ ಲೆಕ್ಕದಲ್ಲಿ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಕು ಕೊನೆ, 3ಬಿಗೆ 20. 18ರಿಂದ 20ರವರೆಗೆ ಪಿಜಿಗೆ ಬರುವುದು ರಾತ್ರಿ ಒಂಬತ್ತಕ್ಕೆ. ಇಲ್ಲಿನ ರವಿವಾರ ಪೇಟೆ ಅನ್ನುವ ಮಾರ್ಕೆಟ್ಟಿನ ಗಿರಾಕಿಗಳು ಮರಾಠಿಯಲ್ಲೇ ಮಾತು ಶುರು ಮಾಡುತ್ತಾರೆ. ನಾನು ಮೊದಲು ಕಲಿತದ್ದು "ಬಿಲ್ ಪಾಠವಾ". ಬಿಲ್ಲು ಕಳಿಸಿ ಅಂತ. ಓದಿಗೆ ಸಿಗುವುದು ಬೆಳಗಿನ ಎರಡು ತಾಸು, ಭಾನುವಾರ ಐದಾರು. ಮೊದಲ ಪಗಾರದಲ್ಲಿ ಅಪ್ಪನಿಗೆ 2,000 ಹಾಕಿದೆ. "ಯಾಕ ಹಾಕಿದಿ, ನಿನಗ ಬೇಕಾಗ್ತಾವ" ಅಂತ ಬೈದರು. ಆದರೆ ವಾಪಸ್ ಹಾಕಲಿಲ್ಲ. ಅದು ನನಗೆ ಬಹಳ ಖುಷಿ ಕೊಟ್ಟಿತು.

ಸುಮ್ನೆ ಅನಿಸಿಕೆ ಹೇಳುತ್ತಿಲ್ಲ, ಅಳೆಯಲು ನನಗೊಂದು ದಾರಿಯೂ ಸಿಕ್ಕಿತು. 384 ಗೆಜೆಟೆಡ್ ಪ್ರೊಬೇಷನರ್ (ಕೆಎಎಸ್) ಹುದ್ದೆಗಳ ಪ್ರಿಲಿಮ್ಸ್, ಅಂದರೆ ಮೊದಲ ಹಂತದ ಪರೀಕ್ಷೆ, ಎರಡು ಸಲ ನಡೆಯಿತು. 2024ರ ಆಗಸ್ಟ್ 27ಕ್ಕೆ ಒಮ್ಮೆ. ಕನ್ನಡ ಅನುವಾದದ ತಪ್ಪಿನಿಂದ ಡಿಸೆಂಬರ್ 29ಕ್ಕೆ ಇನ್ನೊಮ್ಮೆ. ಮೊದಲನೆಯದನ್ನು ಕೋಚಿಂಗ್ ಮುಗಿಸಿ ಮನೆಯಲ್ಲಿ ಕೂತು ಬರೆದೆ. ಎರಡನೆಯದನ್ನು ನೌಕರಿ ಸೇರಿ ಮೂರು ತಿಂಗಳಾದ ಮೇಲೆ. ಪುಣ್ಯಕ್ಕೆ 20ನೇ ತಾರೀಕು ದಾಟಿತ್ತು, ಪರೀಕ್ಷೆ ಭಾನುವಾರ, ಬಸ್ಸಿಗೆ ಹೆಣ್ಣುಮಕ್ಕಳ ಪುಕ್ಕಟೆ ಶಕ್ತಿ ಟಿಕೆಟ್. ಎರಡೂ ಸಲ ಪಾಸಾಗಲಿಲ್ಲ. ಆದರೆ ಎಣಿಸಿ ನೋಡಿದರೆ ಎರಡನೇ ಸಲ ಹನ್ನೊಂದು ಉತ್ತರ ಜಾಸ್ತಿ ಸರಿ ಇದ್ದವು. ಅನುವಾದದ ಗೋಜಲು ಎರಡರಲ್ಲೂ ಇತ್ತು, ಹಾಗಾಗಿ ಇದನ್ನೇ ಪೂರ್ತಿ ನಂಬಬೇಡಿ. ವಿಜಯಪುರದ ಬುನಾದಿ ಇಲ್ಲದಿದ್ದರೆ ಅಷ್ಟೂ ಬರುತ್ತಿರಲಿಲ್ಲ, ಅದೂ ಗೊತ್ತು.

ತಂಗಿಗೆ ಹೇಳಿದ್ದು ಇಷ್ಟು. ಮೊದಲು ನೌಕರಿ ಹಿಡಿ, ಸಣ್ಣದಾದರೂ ನಡೆಯುತ್ತದೆ. ಒಂದು ವರ್ಷ ರೊಕ್ಕ ಕೂಡಿಸು, ಆಮೇಲೆ ವಿಜಯಪುರಕ್ಕೆ ಹೋಗು. ಮನೆಯಲ್ಲಿ ತಿಂಗಳ ಪಗಾರ ಬರುವವರಿದ್ದರೆ ನೇರ ಕೋಚಿಂಗ್‌ಗೆ ಹೋಗಬಹುದು, ನಮ್ಮ ಮನೆಯಲ್ಲಿ ಇಲ್ಲ. "ಪಿಎಸ್‌ಐಗೆ ಓಡಬೇಕಲ್ಲ, ಕುರ್ಚಿ ಕೆಲಸ ಹಿಡಿದ್ರ ಹೆಂಗ?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನೌಕರಿ ಸೇರಿದ ಈ ಹದಿನೈದು ತಿಂಗಳಲ್ಲಿ ನಾನೇ ಆರು ಕಿಲೋ ಹೆಚ್ಚಾಗಿದ್ದೇನೆ.

ಮುಂದಿನ ಪ್ರಿಲಿಮ್ಸ್‌ಗೆ ನೋಟಿಫಿಕೇಶನ್ ಬಂದ ದಿನ ಕೆಲಸ ಬಿಟ್ಟು ಮೂರು ತಿಂಗಳು ವಿಜಯಪುರಕ್ಕೆ ಹೋಗುತ್ತೇನೆ. ಅದಕ್ಕಂತ 31,000 ಬೇರೆ ಖಾತೆಯಲ್ಲಿ ಇಟ್ಟಿದ್ದೇನೆ. ಲೈಬ್ರರಿಯವರಿಗೆ ಫೋನ್ ಕೂಡ ಮಾಡಿದ್ದೆ. ಹಳೇ ಕ್ಯಾಬಿನ್ ಖಾಲಿ ಆಗುತ್ತದಂತೆ. ಬೇಡ, ಕಿಟಕಿ ಪಕ್ಕದ್ದು ಕೊಡಿ ಅಂದೆ.